ಗಾಡಿ ಮಾತು: ಗಾಳಿಚೀಲ ಹಾಕಿಸೋ ಮೊದಲು ಕಾಟಾ ಹತ್ತಿಸಿ

ಈ ಸಲ ಭೋಸರಿಯ ನನ್ನ ಗ್ಯಾರೇಜಿಗೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಫೋರ್ ವೀಲ್ ಡ್ರೈವ್ ಗಾಡಿಗೆ ಏರ್ ಬ್ಯಾಗ್ ಸಸ್ಪೆನ್ಷನ್ ಹಾಕಿಸಬೇಕಾ, ಬೇಡವಾ? ಅದಕ್ಕೇ ಎಣ್ಣೆ, ಬ್ಯಾಟರಿ, ಮೈಲೇಜ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಡಿಕ್ಕಿ ಆದಾಗ ಸ್ಟೀರಿಂಗ್‌ನಿಂದ ಚಿಮ್ಮುವ ಏರ್‌ಬ್ಯಾಗ್ ಬೇರೆ, ಇದು ಬೇರೆ. ಇದು ಚಾಸಿಗೂ (ಗಾಡಿಯ ಉಕ್ಕಿನ ಚೌಕಟ್ಟು) ಆಕ್ಸಲ್‌ಗೂ (ಎಡ ಬಲ ಚಕ್ರ ಜೋಡಿಸುವ ದಂಡ) ನಡುವೆ ಕೂರುವ ರಬ್ಬರ್ ಚೀಲ. ಗೊಂದಲ ಬೇಡ ಅಂತ ಇಲ್ಲಿ ಎಲ್ಲ ಕಡೆ ಗಾಳಿಚೀಲ ಎಂದೇ ಬರೆದಿದ್ದೇನೆ.

ಪ್ರಶ್ನೆ: ಡೊಂಬಿವಲಿಯಲ್ಲಿ ಕೇಟರಿಂಗ್ ಮಾಡುತ್ತೇನೆ. ಊರು ಕುಂದಾಪುರದ ಕಡೆ. ಇಸುಜು ವಿ-ಕ್ರಾಸ್ ಇದೆ. ಮದುವೆ ಸೀಸನ್‌ನಲ್ಲಿ ಹಿಂದೆ ಪಾತ್ರೆ, ಗ್ಯಾಸ್ ಒಲೆ, ಗ್ರೈಂಡರ್ ತುಂಬಿದರೆ ಗಾಡಿಯ ಹಿಂಭಾಗ ಕೂತುಬಿಡುತ್ತದೆ. ರಾತ್ರಿ ಎದುರಿನವರೆಲ್ಲ ಡಿಪ್ಪರ್ ಹೊಡೆಯುತ್ತಾರೆ. ಒಬ್ಬ ಮೇಸ್ತ್ರಿ ಗಾಳಿಚೀಲ ಹಾಕಿಸಿ ಎನ್ನುತ್ತಾನೆ, ಇನ್ನೊಬ್ಬ ಕಮಾನಿಗೆ (ಹಿಂದಿನ ಆಕ್ಸಲ್ ಮೇಲಿನ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಎರಡು ಪಟ್ಟಿ ಸೇರಿಸಿ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಸದ್ಯಕ್ಕೆ ಬೇಡ ಅಣ್ಣಾವ್ರೆ. ಮೊದಲು ಗಾಡಿಯನ್ನು ಕಾಟಾ ಹತ್ತಿಸಿ. ಮದುವೆಗೆ ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿ. ಡೀಸೆಲ್ ಫುಲ್ ಮಾಡಿ. ಕೆಲಸದ ಹುಡುಗರನ್ನೂ ಕೂರಿಸಿಕೊಳ್ಳಿ. ಆಮೇಲೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಲಾರಿ ತೂಗುವ ವಜನ್ ಕಾಟಾಕ್ಕೆ ಹೋಗಿ ಎರಡು ಚೀಟಿ ಮಾಡಿಸಿ. ಒಂದು ಇಡೀ ಗಾಡಿಯದು. ಇನ್ನೊಂದು ಹಿಂದಿನ ಚಕ್ರ ಮಾತ್ರ ಕಾಟಾದ ಮೇಲೆ ನಿಂತಾಗಿನದು. ಕಾಟಾದವನು ಒಂದು ಥರ ನೋಡುತ್ತಾನೆ, ನೋಡಲಿ. ಆ ಎರಡು ಚೀಟಿಯನ್ನು ಗಾಡಿಯ ಕಂಪನಿ ಪ್ಲೇಟಿನಲ್ಲಿ ಬರೆದ ಒಟ್ಟು ತೂಕದ ಜೊತೆ, ಆಕ್ಸಲ್ ತೂಕ ಬರೆದಿದ್ದರೆ ಅದರ ಜೊತೆಗೂ, ಹೋಲಿಸಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಗಾಳಿಚೀಲ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ಅಷ್ಟೇ. ಹೊರುವ ತಾಕತ್ತು ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ, ಟೈರ್ ಅದೇ. ಕೂತ ಗಾಡಿ ಕಣ್ಣಿಗೆ ಕಾಣುತ್ತದೆ, ಜಾಸ್ತಿ ಆಯ್ತಲ್ಲ ಅಂತ ನೀವೇ ಒಂದು ಪಾತ್ರೆ ಇಳಿಸುತ್ತೀರಿ. ಚೀಲ ಹಾಕಿದ ಮೇಲೆ ಗಾಡಿ ನೆಟ್ಟಗೆ ನಿಂತಿರುತ್ತದೆ. ಇನ್ನೂ ಜಾಗ ಇದೆಯಲ್ಲ ಅಂತ ಇನ್ನೊಂದು ಗ್ರೈಂಡರ್ ಹತ್ತುತ್ತದೆ. ನನ್ನ ಶೆಡ್ಡಿಗೆ ಬಂದ ಪಿಕಪ್‌ಗಳಲ್ಲಿ ನಾನು ಪದೇ ಪದೇ ನೋಡಿದ ಕಥೆ ಇದೇ.

ಚೀಟಿಯ ಲೆಕ್ಕ ಪ್ಲೇಟಿನ ಒಳಗೇ ಇದೆ, ಆದರೂ ಹಿಂಭಾಗ ಕೂರುತ್ತದೆ ಅನ್ನಿ. ಆಗ ಸಾಮಾನು ಎಲ್ಲಿ ಕೂತಿದೆ ನೋಡಿ. ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಸುಮಾರು 3 ಮೀಟರ್ ಇದೆ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ, ಅಂದರೆ ಹಿಂಬಾಗಿಲಿನ ಹತ್ತಿರ, 100 ಕಿಲೋ ಗ್ರೈಂಡರ್ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಅಲ್ಲ, 133 ಕಿಲೋ. ಆ ಹೆಚ್ಚಿನ 33 ಕಿಲೋ ಮುಂದಿನ ಚಕ್ರದಿಂದ ಕಳೆದುಹೋಗಿರುತ್ತದೆ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗೂ ಹಗುರ, ಬ್ರೇಕ್ ಹಿಡಿತವೂ ಕಮ್ಮಿ. ಅದೇ ಗ್ರೈಂಡರನ್ನು ಕ್ಯಾಬಿನ್ ಗೋಡೆಗೆ ಒತ್ತಿ ಇಟ್ಟು ಹಗ್ಗ ಬಿಗಿದರೆ ಅರ್ಧ ರೋಗ ಅಲ್ಲೇ ವಾಸಿ. ಭಾರದ್ದು ಮುಂದೆ, ಎಲೆ, ಬಟ್ಟೆ, ಬುಟ್ಟಿ ಹಿಂದೆ. ನಿಮ್ಮ ಹುಡುಗರು ಇಳಿಸಲು ಸುಲಭ ಅಂತ ಉಲ್ಟಾ ತುಂಬುತ್ತಿದ್ದಾರೆ, ಹೌದೋ ಅಲ್ಲವೋ?

ಇನ್ನು ಕಮಾನು. ಖಾಲಿ ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಎಡಕ್ಕೂ ಬಲಕ್ಕೂ ಅಳೆಯಿರಿ. ಎರಡೂ ಕಡೆ ಬೇರೆ ಬೇರೆ ಬಂದರೆ, ಅಥವಾ ಪಟ್ಟಿ ಬಾಗು ಕಳೆದುಕೊಂಡು ಖಾಲಿ ಇದ್ದಾಗಲೇ ಚಪ್ಪಟೆ ಮಲಗಿದ್ದರೆ, ಕಮಾನು ಸತ್ತಿದೆ ಎಂದೇ ಲೆಕ್ಕ. ಸತ್ತ ಕಮಾನಿನ ಮೇಲೆ ಗಾಳಿಚೀಲ ಕೂರಿಸುವುದು ದುಡ್ಡು ದಂಡ. ಮೊದಲು ಕಮಾನು, ಬುಶ್, ಶಾಕಪ್ ಸರಿ ಮಾಡಿಸಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ವರ್ಷವಿಡೀ ಒಂದೇ ಥರ ಲೋಡು ಹೊರುವ ಗಾಡಿಗೆ ಪಟ್ಟಿ ಸೇರಿಸುವುದೇ ಒಳ್ಳೆಯದು. ಅಗ್ಗ, ಪಂಕ್ಚರ್ ಭಯ ಇಲ್ಲ, ಯಾವ ಊರಿನ ಕಮಾನು ಪಟ್ಟಿ ಅಂಗಡಿಯಲ್ಲೂ ಕೆಲಸ ಆಗುತ್ತದೆ. ನಿಮ್ಮದು ಹಾಗಲ್ಲ. ಸೀಸನ್‌ನಲ್ಲಿ ತುಂಬಿ ಓಡುತ್ತದೆ, ಉಳಿದ ದಿನ ಮಕ್ಕಳನ್ನು ಕ್ಲಾಸಿಗೆ ಬಿಡುತ್ತದೆ. ಎರಡು ಪಟ್ಟಿ ಜಾಸ್ತಿ ಹಾಕಿದರೆ ಖಾಲಿ ಗಾಡಿ ಕಲ್ಯಾಣ್ ಶೀಲ್ ರಸ್ತೆಯ ಗುಂಡಿಗಳಲ್ಲಿ ನಿಮ್ಮ ಸೊಂಟ ಮುರಿಯುತ್ತದೆ. ಹೀಗೆ ಒಮ್ಮೆ ಭಾರ, ಒಮ್ಮೆ ಖಾಲಿ ಓಡುವವರಿಗೇ ಗಾಳಿಚೀಲ ಇರುವುದು. ಖಾಲಿ ಇದ್ದಾಗ ಗಾಳಿ ಇಳಿಸಿ, ತುಂಬಿದಾಗ ಏರಿಸಿ. ಪ್ಲೇಟಿನ ತೂಕದೊಳಗೆ ಇದ್ದರೆ, ಸಾಮಾನು ಮುಂದೆ ಸರಿಸಿಯೂ ಕೂರುತ್ತಿದ್ದರೆ, ಹಾಕಿಸಿ.

ಆದರೆ ಚಾಸಿ ವಿಷಯ ಗೊತ್ತಿರಲಿ. ಕಮಾನು ಚಾಸಿಯನ್ನು ಎರಡು ಕಡೆ ಹಿಡಿದಿರುತ್ತದೆ, ಆಕ್ಸಲ್‌ಗಿಂತ ಮುಂದೊಂದು ಹ್ಯಾಂಗರ್, ಹಿಂದೊಂದು ಶ್ಯಾಕಲ್. ಭಾರ ಎರಡಕ್ಕೂ ಹಂಚುತ್ತದೆ. ಗಾಳಿಚೀಲ ಹಾಗಲ್ಲ, ಆಕ್ಸಲ್‌ನ ನೇರ ಮೇಲೆ ಒಂದೇ ಜಾಗದಲ್ಲಿ ಚಾಸಿಯನ್ನು ಒತ್ತುತ್ತದೆ. ಅಡ್ಡೆ ಹೊತ್ತವರನ್ನು ನೋಡಿದ್ದೀರಲ್ಲ, ಹೆಗಲು ನಡುವೆ, ಭಾರ ಎರಡು ತುದಿಗೆ, ಹೆಜ್ಜೆ ಹೆಜ್ಜೆಗೂ ಬಿದಿರು ಬಾಗುತ್ತದೆ. ಚೀಲಕ್ಕೆ ಗಾಳಿ ಬಿಗಿಯಾಗಿ ತುಂಬಿ, ಹಿಂಬಾಗಿಲ ಹತ್ತಿರ ಭಾರ ಇಟ್ಟು, ಸ್ಪೀಡಲ್ಲಿ ಗುಂಡಿಗೆ ಇಳಿಸಿದರೆ ಚಾಸಿಗೂ ಅದೇ ಗತಿ. ಆಸ್ಟ್ರೇಲಿಯಾದಲ್ಲಿ ಪಿಕಪ್‌ಗಳನ್ನು ಕ್ಯಾಂಪಿಂಗ್‌ಗೆ ಹೀಗೆ ತುಂಬಿ ಓಡಿಸಿ, ಕ್ಯಾಬಿನ್ ಹಿಂದೆ ಚಾಸಿ ಬಾಗಿಸಿಕೊಂಡವರು ಬಹಳ ಜನ. ಚೀಲದ ತಪ್ಪು ಅನ್ನೋದಕ್ಕಿಂತ ತೂಕದ ತಪ್ಪು, ಆದರೆ ತೂಕವನ್ನು ಮುಚ್ಚಿಟ್ಟದ್ದು ಚೀಲವೇ.

ಎಷ್ಟು ಗಾಳಿ ಹಾಕಬೇಕು? ಅದಕ್ಕೂ ಟೇಪೇ ಸಾಕು. ಖಾಲಿ ಇದ್ದಾಗಿನ ಎತ್ತರ ಬರೆದಿಟ್ಟುಕೊಳ್ಳಿ. ತುಂಬಿದಾಗ ಎಷ್ಟು ಇಳಿಯಿತು ನೋಡಿ. ಇಳಿದದ್ದರಲ್ಲಿ ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗ ವಾಪಸ್ ಬರುವಷ್ಟು ಗಾಳಿ ಹಾಕಿ. ಖಾಲಿ ಎತ್ತರಕ್ಕೇ ತರಬೇಕು ಅನ್ನೋ ಹಟ ಬೇಡ. ಹಾಗೆ ಮಾಡಿದರೆ ಹೆಚ್ಚಾದ ಭಾರವೆಲ್ಲ ಚೀಲದ ಮೇಲೇ ಬಿತ್ತು, ಕಮಾನು ಸುಮ್ನೆ ಕೂತಿತು ಎಂದರ್ಥ. ಲೆಕ್ಕ ಸುಲಭ: ಒಂದು ಚೀಲ ಎತ್ತುವ ಭಾರ ಅಂದರೆ ಗಾಳಿಯ ಒತ್ತಡ ಗುಣಿಸು ಚೀಲದ ವಿಸ್ತೀರ್ಣ. 5 ಇಂಚು ಅಗಲದ ದುಂಡು ಚೀಲಕ್ಕೆ ಸುಮಾರು 20 ಚದರ ಇಂಚು ಬರುತ್ತದೆ. 30 ಪಿಎಸ್‌ಐ (ಅಂದರೆ ಚದರ ಇಂಚಿಗೆ 30 ಪೌಂಡ್ ಒತ್ತಡ) ಹಾಕಿದರೆ 600 ಪೌಂಡ್, ನಮ್ಮ ಲೆಕ್ಕದಲ್ಲಿ 270 ಕಿಲೋ. ಎರಡು ಕಡೆ ಸೇರಿದರೆ 540 ಕಿಲೋ! ನಿಮ್ಮ ಪಾತ್ರೆಗಳಿಗೆ ಅಷ್ಟು ಬೇಕೇ ಇಲ್ಲ. ಕಮಾನಿನ ಮೇಲೆ ಕೂರುವ ಚೀಲಗಳು 100 ಪಿಎಸ್‌ಐ ತನಕ ತಡೆಯುತ್ತವೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಅದು ಚೀಲದ ತಾಕತ್ತು, ನಿಮ್ಮ ಚಾಸಿಯದ್ದಲ್ಲ. ಖಾಲಿ ಓಡಿಸುವಾಗಲೂ ಪೂರ್ತಿ ಬಿಡಬೇಡಿ, 5 ಪಿಎಸ್‌ಐ ಆದರೂ ಇರಲಿ. ಗಾಳಿ ಇಲ್ಲದ ಚೀಲ ತನ್ನ ಮಡಿಕೆಯಲ್ಲೇ ಸಿಕ್ಕಿ ಹರಿಯುತ್ತದೆ.

ಫಿಟ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಪೈಪು, ಬೇರೆ ಬೇರೆ ವಾಲ್ವ್ ಹಾಕಿಸಿ. ಎರಡನ್ನೂ ಟಿ ಆಕಾರದ ಜಾಯಿಂಟ್ ಹಾಕಿ ಒಂದೇ ವಾಲ್ವಿಗೆ ಸೇರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಮೇಸ್ತ್ರಿಗೆ ಖುಷಿ. ಆದರೆ ಘಾಟಿನ ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿದಾಗ ಆ ಕಡೆಯ ಗಾಳಿ ಈ ಕಡೆಗೆ ಓಡಿಬಿಡುತ್ತದೆ, ಗಾಡಿ ಇನ್ನೂ ವಾಲುತ್ತದೆ. ಚೀಲ ಸೈಲೆನ್ಸರ್ ಪೈಪಿಗೆ ಹತ್ತಿರ ಬಂದರೆ ನಡುವೆ ತಗಡಿನ ಅಡ್ಡಿ ಇರಲೇಬೇಕು. ಬ್ರೇಕ್ ಹೋಸ್, ಎಬಿಎಸ್ ವೈರು, ಹ್ಯಾಂಡ್‌ಬ್ರೇಕ್ ಕೇಬಲ್ ಯಾವುದೂ ಚೀಲಕ್ಕೆ ಉಜ್ಜಬಾರದು. ಒಳಗೇ ರಬ್ಬರ್ ಸ್ಟಾಪರ್ ಇರುವ ಚೀಲ ಸಿಗುತ್ತದೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ಕೇಳಿ. ದಾರಿಯಲ್ಲಿ ಗಾಳಿ ಹೋದರೂ ಮನೆ ತಲುಪಬಹುದು. ಮೊದಲ 500 ಕಿಲೋಮೀಟರ್ ಆದ ಮೇಲೆ ಕಮಾನನ್ನು ಆಕ್ಸಲ್‌ಗೆ ಹಿಡಿದಿರುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಹೆಡ್‌ಲೈಟ್ ಲೆವೆಲ್ಲೂ ಅವತ್ತೇ ನೋಡಿಸಿಬಿಡಿ.

ಪಿಕಪ್ ಇರುವ ಉಳಿದ ಓದುಗರಿಗೂ ಇದೇ ಜಾಗದಲ್ಲಿ ಒಂದು ಮಾತು. ಹಳೆಯ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಸಲಾಕೆ ಹೊರಟು ಚಾಸಿಯಲ್ಲಿರುವ ವಾಲ್ವಿಗೆ ಸೇರಿರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್. ಹಿಂಭಾಗ ಕೂತಷ್ಟೂ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುವುದು ಅದರ ಕೆಲಸ. ಗಾಳಿಚೀಲ ಗಾಡಿಯನ್ನು ಎತ್ತಿ ಹಿಡಿದರೆ ವಾಲ್ವಿಗೆ ಗಾಡಿ ಖಾಲಿ ಇದೆ ಎಂದೇ ಅನ್ನಿಸುತ್ತದೆ. ಅದು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ. ತುಂಬಿದ ಗಾಡಿ, ಖಂಬಾಟ್ಕಿ ಇಳಿಜಾರು, ಹಿಂದೆ ಅರ್ಧ ಬ್ರೇಕ್, ಯೋಚನೆ ಮಾಡಿ. ಆ ಸಲಾಕೆ ಇರುವ ಗಾಡಿಯಾದರೆ ಚೀಲ ಹಾಕಿದ ದಿನವೇ ಅದನ್ನೂ ಅಡ್ಜಸ್ಟ್ ಮಾಡಿಸಬೇಕು. ಮೇಸ್ತ್ರಿಗೆ ಅದರ ವಿಷಯವೇ ಗೊತ್ತಿಲ್ಲದಿದ್ದರೆ ಬೇರೆ ಗ್ಯಾರೇಜ್ ಹುಡುಕಿ.

ಪ್ರಶ್ನೆ: ಮಾಟುಂಗಾದಲ್ಲಿ ಇದ್ದೇವೆ. ಫಾರ್ಚೂನರ್ ಗಾಡಿ. ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಕುಲುಕಾಟ ಜಾಸ್ತಿ. ಕಾಯಿಲ್ ಸ್ಪ್ರಿಂಗ್ ಒಳಗೆ ಗಾಳಿಚೀಲ ಹಾಕಿಸಿದರೆ ಐರಾವತ ಬಸ್ಸಿನ ಹಾಗೆ ತೇಲುತ್ತಾ?

ಉತ್ತರ: ಇಲ್ಲ. ಇನ್ನೂ ಗಟ್ಟಿ ಆಗುತ್ತದೆ.

ವೋಲ್ವೋ ಬಿ7ಆರ್ ಬಸ್ಸು 2001ರಲ್ಲಿ ನಮ್ಮ ದೇಶಕ್ಕೆ ಬಂದಾಗಿನಿಂದ ಜನರ ತಲೆಯಲ್ಲಿ ಗಾಳಿ ಅಂದರೆ ಮೆತ್ತಗೆ ಅನ್ನುವ ಲೆಕ್ಕ ಕೂತಿದೆ. ಬಸ್ಸಿನ ಕೆಳಗೆ ನಾನೂ ಮಲಗಿ ಕೆಲಸ ಮಾಡಿದವನೇ. ಅಲ್ಲಿ ಉಕ್ಕಿನ ಸ್ಪ್ರಿಂಗ್ ಇಲ್ಲವೇ ಇಲ್ಲ. ಇಡೀ ಭಾರ ಚೀಲಗಳ ಮೇಲೆ. ಆಕ್ಸಲ್ ಆ ಕಡೆ ಈ ಕಡೆ ಸರಿಯದ ಹಾಗೆ ರಾಡುಗಳು ಹಿಡಿದಿರುತ್ತವೆ. ಎಂಜಿನ್‌ನಿಂದ ಓಡುವ ಕಂಪ್ರೆಸರ್ ಇದೆ, ಗಾಳಿ ಟ್ಯಾಂಕ್ ಇದೆ, ಎತ್ತರ ನೋಡಿಕೊಳ್ಳುವ ಲೆವೆಲಿಂಗ್ ವಾಲ್ವ್ ಇದೆ. ಜನ ಹತ್ತಿ ಬಸ್ಸು ಇಳಿದರೆ ವಾಲ್ವಿನ ಕಡ್ಡಿ ಮೇಲಕ್ಕೆ ತಿರುಗಿ ಗಾಳಿ ಒಳಗೆ ಬರುತ್ತದೆ. ಜನ ಇಳಿದರೆ ಉಸ್ ಅಂತ ಗಾಳಿ ಹೊರಗೆ. ಹತ್ತು ಜನ ಇದ್ದರೂ ನಲವತ್ತು ಜನ ಇದ್ದರೂ ಬಸ್ಸು ಒಂದೇ ಎತ್ತರ, ಕುಲುಕುವ ಲಯವೂ ಹೆಚ್ಚು ಕಮ್ಮಿ ಒಂದೇ. ಭಾರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಏರಿ ಚೀಲವೂ ಗಟ್ಟಿಯಾಗುವುದರಿಂದ ಹಾಗೆ. ಉಕ್ಕಿನ ಸ್ಪ್ರಿಂಗಿಗೆ ಈ ಬುದ್ಧಿ ಇಲ್ಲ.

ನಿಮ್ಮ ಗಾಡಿಯಲ್ಲಿ ಉಕ್ಕಿನ ಕಾಯಿಲ್ ಹಾಗೇ ಉಳಿದು, ಅದರ ಹೊಟ್ಟೆಯೊಳಗೆ ಇನ್ನೊಂದು ಚೀಲ ಕೂರುತ್ತದೆ. ಎರಡೂ ಸೇರಿ ಗಟ್ಟಿಯಾಗುವುದೇ ಹೊರತು ಮೆತ್ತಗಾಗುವುದಿಲ್ಲ. ಏಳು ಜನ ಕೂತು ಬ್ಯಾಗು ಹೇರಿ ಊರಿಗೆ ಹೋಗುವಾಗ ಹಿಂಭಾಗ ಗುಂಡಿಯಲ್ಲಿ ಧಡ್ ಅಂತ ತಳ ಮುಟ್ಟುತ್ತಿದ್ದರೆ ಅದಕ್ಕೆ ಈ ಚೀಲ ಮದ್ದು. ಅಮ್ಮನ ಕುಲುಕಾಟಕ್ಕೆ ಅಲ್ಲ. ಅವರಿಗೆ ಬೇಕಾದದ್ದು ಒಳ್ಳೆಯ ಶಾಕಪ್, ಮತ್ತು ಟೈರಿನ ಗಾಳಿ ಪ್ಲೇಟಿನಲ್ಲಿ ಬರೆದಷ್ಟೇ ಇರುವುದು. ಪೆಟ್ರೋಲ್ ಬಂಕಿನ ಹುಡುಗ ಕೇಳದೇ 40 ತುಂಬಿಸಿಬಿಡುತ್ತಾನೆ, ಆಮೇಲೆ ನಾವು ಸ್ಪ್ರಿಂಗಿಗೆ ಬೈಯುತ್ತೇವೆ. ಇಷ್ಟಾದ ಮೇಲೂ ಸಾಲದಿದ್ದರೆ ಅಮ್ಮನನ್ನು ಮುಂದಿನ ಸೀಟಿಗೆ ಕರೆತನ್ನಿ, ನೀವು ಹಿಂದೆ ಕೂರಿ.

ಪ್ರಶ್ನೆ: ಪಿಂಪ್ರಿಯಿಂದ ಬರೆಯುತ್ತಿದ್ದೇವೆ, ಇಬ್ಬರು ಗೆಳೆಯರು, ಒಂದು ಥಾರ್. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನ ಕಡೆ ಕೆಸರು ದಾರಿಗೆ ಇಳಿಯುತ್ತೇವೆ. ಗಾಳಿಚೀಲ ಹಾಕಿದರೆ ಗಾಡಿ ಎತ್ತರ ಆಗಿ ಕಲ್ಲು ತಾಗುವುದಿಲ್ಲ ಅಂತ ನನ್ನ ವಾದ. ಗೆಳೆಯ ಬೇಡ ಎನ್ನುತ್ತಾನೆ. ತೀರ್ಪು ಕೊಡಿ.

ಉತ್ತರ: ಗೆಳೆಯ ಗೆದ್ದ.

ಎತ್ತರ ಆಗುವುದು ಚಾಸಿ ಮಾತ್ರ. ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಎಡದಿಂದ ಬಲಕ್ಕೆ ಒಂದೇ ಗಟ್ಟಿ ತುಂಡು, ಅದರ ನಡುವೆ ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಗುಂಡು ಜೋತು ಬಿದ್ದಿದೆ. ಕಲ್ಲು ತಾಗುವುದು ಅದಕ್ಕೆ. ಅದನ್ನು ಎತ್ತಬೇಕಾದರೆ ದೊಡ್ಡ ಟೈರ್ ಬೇಕು, ಚೀಲದಿಂದ ಆಗದು. ಮೇಲಾಗಿ ಕೆಸರು ದಾರಿಯಲ್ಲಿ ನಿಮಗೆ ಬೇಕಾದದ್ದು ಚಕ್ರಗಳು ಮೇಲೆ ಕೆಳಗೆ ಸಡಿಲವಾಗಿ ಆಡುವುದು. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ತಗ್ಗಿಗೆ ಇಳಿದು ನೆಲ ಹಿಡಿಯಬೇಕು. ಕಾಯಿಲ್ ಒಳಗೆ ಗಾಳಿ ತುಂಬಿದ ಚೀಲ ಇದ್ದರೆ ಹತ್ತಿದ ಕಡೆ ಒತ್ತಿಕೊಳ್ಳುವುದಿಲ್ಲ, ಇಡೀ ಗಾಡಿಯೇ ಓರೆಯಾಗಿ ಎದುರು ಮೂಲೆಯ ಚಕ್ರ ಗಾಳಿಯಲ್ಲಿ ಸುತ್ತುತ್ತದೆ. ಇಂಥ ಚೀಲಗಳಿಗೆ ಸಾಮಾನ್ಯವಾಗಿ 35 ಪಿಎಸ್‌ಐ ಮಿತಿ. ಅಷ್ಟು ತುಂಬಿ ಕಾಡಿಗೆ ಹೋದರೆ ಟೂ ವೀಲ್ ಡ್ರೈವ್ ಗಾಡಿಯೂ ನಿಮ್ಮನ್ನು ದಾಟಿ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಕಾಯಿಲ್ ಒಳಗೇ ಬಂಪ್ ಸ್ಟಾಪ್ (ತಳ ಬಡಿಯದ ಹಾಗೆ ತಡೆಯುವ ರಬ್ಬರ್ ತುಂಡು) ಇದ್ದರೆ ಚೀಲಕ್ಕೆ ಜಾಗ ಮಾಡಲು ಅದನ್ನು ಕತ್ತರಿಸುವ ಪ್ರಸಂಗವೂ ಬರುತ್ತದೆ. ಇಬ್ಬರು ಮನುಷ್ಯರು, ಒಂದು ಹಗ್ಗ, ಒಂದು ಡಬ್ಬ ಚಿವಡಾ. ಎತ್ತಿ ಹಿಡಿಯಲು ಭಾರವಾದರೂ ಎಲ್ಲಿದೆ?

ಆ ದುಡ್ಡಿನಲ್ಲಿ ಒಂದು 12 ವೋಲ್ಟಿನ ಪಂಪು ತಗೊಳ್ಳಿ. ಕೆಸರಿಗೆ ಇಳಿಯುವ ಮೊದಲು ಟೈರನ್ನು 20 ಪಿಎಸ್‌ಐಗೆ ಇಳಿಸಿ, ನಿಧಾನ ಓಡಿಸಿ, ಡಾಂಬರು ಸಿಕ್ಕ ತಕ್ಷಣ ಮತ್ತೆ ತುಂಬಿ. ಗಾಳಿಯಿಂದ ನಿಮಗೆ ಸಿಗುವ ಲಾಭ ಟೈರಿನಲ್ಲಿದೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಆಸೆಪಟ್ಟು ಒಂದು ಹಳೆಯ ವಿದೇಶಿ ಲಗ್ಜುರಿ ಫೋರ್ ವೀಲ್ ಡ್ರೈವ್ ಗಾಡಿ ಸೆಕೆಂಡ್ ಹ್ಯಾಂಡ್ ತಂದೆ. ನಾಲ್ಕೂ ಕಡೆ ಏರ್ ಸಸ್ಪೆನ್ಷನ್. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮುಂದಿನ ಎಡಮೂಲೆ ನೆಲಕ್ಕೆ ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ಗುರ್ ಅಂತ ಸದ್ದು ಮಾಡಿ ನಿಧಾನ ಏಳುತ್ತದೆ. ಕಂಪ್ರೆಸರ್ ಬದಲಿಸಬೇಕು ಅಂದರು. ಕಿತ್ತುಹಾಕಿ ಕಾಯಿಲ್ ಹಾಕಿಸಿ ಅಂತ ಇನ್ನೊಬ್ಬರು. ಮನೆಯಲ್ಲಿ ದಿನಾ ಮಂಗಳಾರತಿ.

ಉತ್ತರ: ಮಂಗಳಾರತಿಗೆ ನನ್ನಲ್ಲಿ ಮದ್ದಿಲ್ಲ. ಗಾಡಿಗೆ ಇದೆ.

ನಿಮ್ಮದು ಆ ಡೊಂಬಿವಲಿಯವರ ಥರದ ಸಹಾಯದ ಚೀಲ ಅಲ್ಲ. ಬಸ್ಸಿನ ಹಾಗೆ ಚೀಲವೇ ಸ್ಪ್ರಿಂಗ್, ಜೊತೆಗೆ ಕಂಪ್ಯೂಟರ್. ರೇಂಜ್ ರೋವರ್‌ಗೆ 1992ರಲ್ಲೇ ಇಂಥ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿತ್ತು. ಹೊಸತಿದ್ದಾಗ ಇದರಷ್ಟು ಸುಖ ಬೇರೆ ಇಲ್ಲ. ಹೈವೇಯಲ್ಲಿ ತಗ್ಗಿ ಓಡುತ್ತದೆ, ಕಚ್ಚಾ ದಾರಿಯಲ್ಲಿ ಎದ್ದು ನಿಲ್ಲುತ್ತದೆ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ.

ಒಂದೇ ಮೂಲೆ ಕೂರುತ್ತಿದೆ ಅಂದಿರಿ, ಅದೇ ಒಳ್ಳೆಯ ಸುಳಿವು. ರೋಗ ಕಂಪ್ರೆಸರ್‌ನದಲ್ಲ, ಆ ಮೂಲೆಯ ಚೀಲದ್ದು, ಅಥವಾ ಅದರ ಪೈಪಿನ ತುದಿಯದು. ಮುಂದಿನ ಎರಡೂ ಮೂಲೆ ಒಟ್ಟಿಗೆ ಕೂತಿದ್ದರೆ ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಮೇಲೆ ಅನುಮಾನ ಪಡುತ್ತಿದ್ದೆ. ರಾತ್ರಿ ನಿಲ್ಲಿಸಿದಾಗ ನಾಲ್ಕೂ ಮೂಲೆ ಅಳೆದು ಬರೆದಿಡಿ, ಬೆಳಗ್ಗೆ ಮತ್ತೆ ಅಳೆಯಿರಿ. ಒಂದು ವಾರ ಹೀಗೆ ಮಾಡಿದರೆ ಗಾಡಿಯೇ ಹೇಳುತ್ತದೆ.

ಆಮೇಲೆ ಸೋಪಿನ ನೀರು. ಗಾಡಿಯನ್ನು ಎತ್ತರದ ಸೆಟ್ಟಿಂಗಿಗೆ ಏರಿಸಿ, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚೀಲದ ಮೇಲೆ ಸ್ಪ್ರೇ ಮಾಡಿ. ಸ್ಟ್ಯಾಂಡ್ ಇಲ್ಲದೆ ಯಾರನ್ನೂ ಕೆಳಗೆ ಇಳಿಸಬೇಡಿ. ಈ ಗಾಡಿಗಳು ಬಾಗಿಲು ಹಾಕಿದ ಮೇಲೂ ತಾವೇ ಲೆವೆಲ್ ಸರಿ ಮಾಡಿಕೊಳ್ಳುತ್ತವೆ, ಕೆಳಗಿದ್ದವನ ಮೇಲೆ ಕೂತುಬಿಡುತ್ತವೆ. ಜಾಕ್ ಹಾಕುವ ಮೊದಲು ಸಸ್ಪೆನ್ಷನ್ ಬಂದ್ ಮಾಡುವ ವಿಧಾನ ಗಾಡಿಯ ಪುಸ್ತಕದಲ್ಲಿರುತ್ತದೆ, ಓದಿಕೊಳ್ಳಿ. ಗುಳ್ಳೆ ಹುಡುಕುವುದು ಚೀಲದ ಕೆಳಭಾಗದಲ್ಲಿ, ರಬ್ಬರ್ ಒಳಮುಖ ಮಡಚಿಕೊಳ್ಳುವ ಜಾಗದಲ್ಲಿ. ಅಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಇರುತ್ತವೆ. ಟಾರ್ಚ್ ಅಡ್ಡ ಹಿಡಿದರೆ ಕಾಣುತ್ತವೆ, ನೇರ ಹಿಡಿದರೆ ಕಾಣುವುದಿಲ್ಲ. ಗೋವಾದ ಕೆಂಪು ಮಣ್ಣು ಆ ಮಡಿಕೆಯಲ್ಲಿ ಒಣಗಿ ಕೂತು, ಗಾಡಿ ಕುಲುಕಿದಾಗಲೆಲ್ಲ ಸ್ಯಾಂಡ್‌ಪೇಪರಿನ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆಯಿರಿ. ಡೀಸೆಲ್, ಆಯಿಲ್ ಹಾಕಿ ಮಿಂಚಿಸುವವರ ಕೈಗೆ ಕೊಡಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕಂಪ್ರೆಸರ್ ಬದಲಿಸಿ ಅಂದವರು ಪೂರ್ತಿ ಸುಳ್ಳು ಹೇಳಿಲ್ಲ. ಚೀಲ ಸೋರುತ್ತಿದ್ದರೆ ಅದು ಮತ್ತೆ ಮತ್ತೆ ಓಡಿ ಓಡಿ ಬಿಸಿಯಾಗಿ ಸಾಯುತ್ತದೆ. ಆದರೆ ಸೋರುವ ಚೀಲ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಮುಂದಿನ ಚೀಲಗಳನ್ನು ಜೋಡಿಯಾಗಿ ಬದಲಿಸಿ. ಎಡದ್ದಕ್ಕೆ ಆದ ವಯಸ್ಸೇ ಬಲದ್ದಕ್ಕೂ ಆಗಿದೆ. ಆಮೇಲೆ ಕಂಪ್ರೆಸರ್‌ಗೆ ಕರೆಂಟು ಕೊಟ್ಟು ನಿಲ್ಲಿಸುವ ರಿಲೇ ಬದಲಿಸಿ. ಸಣ್ಣ ಸಾಮಾನು, ಆದರೆ ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೇ ಓಡುತ್ತದೆ. ಗಾಳಿಯ ತೇವ ಹೀರುವ ಡ್ರೈಯರ್ ಒಳಗಿನ ಸಿಲಿಕಾ ಕಾಳುಗಳನ್ನೂ ಹೊಸದು ಹಾಕಿಸಿ. ವಾಸ್ಕೋ ಸಮುದ್ರದ ದಡ, ಹೊರಗಿನ ಗಾಳಿಯಲ್ಲೇ ನೀರು ಜಾಸ್ತಿ. ಕಾಳು ನೆನೆದುಹೋದರೆ ಆ ತೇವ ವಾಲ್ವ್ ಬ್ಲಾಕಿಗೆ ಹೋಗಿ ತುಕ್ಕು ಹಿಡಿಸುತ್ತದೆ. ಇಷ್ಟು ಮಾಡಿದ ಮೇಲೂ ಏಳುವುದು ನಿಧಾನ ಆದರೆ ಮಾತ್ರ ಕಂಪ್ರೆಸರ್.

ಕಾಯಿಲ್‌ಗೆ ಬದಲಿಸುವ ಮಾತು. ಅದು ಆಗದ ಕೆಲಸವಲ್ಲ. ಎತ್ತರ ಏರಿಸುವ ಇಳಿಸುವ ಸುಖ ಹೋಗುತ್ತದೆ, ಡ್ಯಾಶ್‌ಬೋರ್ಡಿನ ವಾರ್ನಿಂಗ್ ದೀಪ ಆರಿಸಲು ಬೇರೆ ಸಾಮಾನು ಬೇಕು, ಶಾಕಪ್ ಹೊಂದದಿದ್ದರೆ ಗಾಡಿ ಕುದುರೆ ಆಗುತ್ತದೆ. ಊರೂರು ತಿರುಗುವ ಗಾಡಿಯಾಗಿದ್ದರೆ, ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಪದೇ ಪದೇ ಹೋಗುವವರಾಗಿದ್ದರೆ, ನಾನು ಕಾಯಿಲ್ ಅನ್ನುತ್ತಿದ್ದೆ. ಅಂಗಡಿ ಮನೆ ಓಡಾಟಕ್ಕೆ, ಆಸೆಗೆ ಇಟ್ಟುಕೊಂಡ ಗಾಡಿಗೆ ಗಾಳಿಯನ್ನೇ ಉಳಿಸಿ. ಆಸೆಪಟ್ಟು ತಂದದ್ದೇ ಅದಕ್ಕಲ್ವಾ? ಕಾಯಿಲ್ ಹಾಕಿದ ಮೇಲೆ ಮಾರಲು ಹೋದರೂ ಕೊಳ್ಳುವವರು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ಹಡಪ್ಸರ್‌ನಿಂದ. ಗಾಳಿಚೀಲ ಹಾಕಿಸಿದರೆ ಆರ್‌ಟಿಒ ಹಿಡಿಯುತ್ತಾರಾ? ಇನ್ಶೂರೆನ್ಸ್ ಹೋಗುತ್ತಾ?

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ಕಂಪನಿ ಹೇಗೆ ತಯಾರಿಸಿತೋ ಅದಕ್ಕಿಂತ ಬೇರೆಯಾಗಿ ಆರ್‌ಸಿಯ ವಿವರ ಬದಲಾಗುವಂತೆ ಗಾಡಿ ಮಾರ್ಪಾಡು ಮಾಡಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಲಂ ಬಿಗಿಯಾಗಿಯೇ ಓದಿತು. ಅದಕ್ಕೇ ನಾನು ಗಿರಾಕಿಗಳಿಗೆ ಮೂರು ಕಾಗದ ಕೇಳುತ್ತೇನೆ: ಆರ್‌ಟಿಒ ಕಚೇರಿಯಲ್ಲಿ ಕೇಳಿ ಪಡೆದ ಬರಹ, ಇನ್ಶೂರೆನ್ಸ್ ಕಂಪನಿಗೆ ತಿಳಿಸಿದ ಪತ್ರದ ಸ್ವೀಕೃತಿ, ವಾರಂಟಿ ಇರುವ ಗಾಡಿಯಾದರೆ ಶೋರೂಮಿನವರ ಲಿಖಿತ ಮಾತು. ಬಾಯಿಮಾತಿಗೆ ಬೆಲೆ ಇಲ್ಲ. ಇನ್ನು, ಚೀಲ ಹಾಕಿದ್ದೇನೆ ಅಂತ ಜಾಸ್ತಿ ತೂಕ ತುಂಬಿ ಸಿಕ್ಕಿಬಿದ್ದರೆ ಯಾವ ಕಾಗದವೂ ಕಾಯುವುದಿಲ್ಲ. ತೂಕದ ಮಿತಿ ಪ್ಲೇಟಿನಲ್ಲಿದ್ದದ್ದೇ.

ಪ್ರಶ್ನೆ: ಪೊಂಡಾದಲ್ಲಿ ನರ್ಸರಿ ನಡೆಸುತ್ತೇನೆ. ಹೈಲಕ್ಸ್ ಗಾಡಿಗೆ ಗಾಳಿಚೀಲ ಹಾಕಿಸಿ ಸ್ವಲ್ಪ ದಿನ ಆಯ್ತು. ಎಡಗಡೆಯದು ಎರಡು ದಿನಕ್ಕೊಮ್ಮೆ ಕಮ್ಮಿ ಆಗುತ್ತದೆ. ಪಂಕ್ಚರ್ ಅಂಗಡಿಯವನಿಗೆ ಪ್ರತಿ ಸಲ ತುಂಬಿಸಲು ಕೊಡುತ್ತೇನೆ, ಒಮ್ಮೆ ಹಿಂಭಾಗ ಒಂದೇ ಸಲ ಜಿಗಿದು ಎದ್ದಿತು, ಹೆದರಿಕೊಂಡೆ. ಚೀಲ ವಾಪಸ್ ಕೊಡಲಾ?

ಉತ್ತರ: ಬೇಡ ಅಕ್ಕಾವ್ರೆ. ಚೀಲ ಚೆನ್ನಾಗಿಯೇ ಇರಬೇಕು. ಮೊದಲು ಆ ಪಂಕ್ಚರ್ ಅಂಗಡಿ ಬಿಡಿ. ಟೈರಿನೊಳಗೆ ಹಿಡಿಯುವ ಗಾಳಿಯ ಮುಂದೆ ಈ ಚೀಲದ್ದು ಒಂದು ಗುಟುಕು. ಅವನ ದೊಡ್ಡ ಕಂಪ್ರೆಸರ್ ಪೈಪು ಹಚ್ಚಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಿತಿ ದಾಟುತ್ತದೆ. ಮನೆಯಲ್ಲಿ ಸೈಕಲ್ ಪಂಪು ಇದ್ದರೆ ಸಾಕು. ಸಣ್ಣ ಗೇಜ್ ಒಂದನ್ನು ಇಟ್ಟುಕೊಳ್ಳಿ, ಆದರೆ ಗಂಟೆಗೊಮ್ಮೆ ಹಚ್ಚಿ ನೋಡಬೇಡಿ. ಪ್ರತಿ ಸಲ ಗೇಜ್ ಹಚ್ಚಿದಾಗಲೂ ಸ್ವಲ್ಪ ಗಾಳಿ ಹೋಗುತ್ತದೆ, ಚಿಕ್ಕ ಚೀಲದಲ್ಲಿ ಆ ಸ್ವಲ್ಪವೇ ಒಂದೆರಡು ಪಿಎಸ್‌ಐ.

ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿ ಬೆಳಗಿನ ತಂಪಿನಲ್ಲಿ ನೋಡಿದರೂ ಕಮ್ಮಿ ಕಾಣುತ್ತದೆ. 10 ಡಿಗ್ರಿ ಇಳಿದರೆ 30 ಪಿಎಸ್‌ಐ ಇದ್ದದ್ದು ಒಂದೂವರೆಯಷ್ಟು ಇಳಿಯುತ್ತದೆ. ಅದು ಸೋರಿಕೆ ಅಲ್ಲ. ಆದರೆ ಬಲಗಡೆಯದು ನಿಂತು ಎಡಗಡೆಯದು ಮಾತ್ರ ಇಳಿಯುತ್ತಿದೆ ಅಂದರೆ ಸೋರಿಕೆಯೇ. ಮೇಸ್ತ್ರಿ ಪೈಪನ್ನು ಯಾವುದರಲ್ಲಿ ಕತ್ತರಿಸಿದ ಅಂತ ಕೇಳಿ. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ ತುಂಡು ಮಾಡಿದ್ದರೆ ಪೈಪಿನ ಬಾಯಿ ಚಪ್ಪಟೆಯಾಗಿ ಓರೆಯಾಗಿರುತ್ತದೆ. ಒಳಗಿನ ರಬ್ಬರ್ ರಿಂಗಿಗೆ ಸುತ್ತಲೂ ಸರಿಯಾಗಿ ಅಂಟುವುದಿಲ್ಲ. ಮೊದಲು ಗಾಳಿ ಪೂರ್ತಿ ಬಿಡಿ. ಫಿಟಿಂಗಿನ ಕಾಲರನ್ನು ಒಳಗೆ ಒತ್ತಿ ಹಿಡಿದು ಪೈಪು ಹೊರಗೆಳೆಯಿರಿ. ಹೊಸ ಬ್ಲೇಡಿನಿಂದ ಅರ್ಧ ಇಂಚು ನೇರ ಕತ್ತರಿಸಿ. ಮತ್ತೆ ಒಳಗೆ ಒತ್ತಿ, ಮೊದಲು ಒಂದು ತಡೆ ಸಿಗುತ್ತದೆ, ಅಲ್ಲಿ ನಿಲ್ಲಿಸದೆ ಇನ್ನೂ ಒತ್ತಿ, ಕೊನೆಗೆ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಆಮೇಲೆ ಗಾಳಿ ತುಂಬಿ ಫಿಟಿಂಗ್ ಮೇಲೆ, ಹಿಂದೆ ಬಂಪರ್ ಹತ್ತಿರ ಇರುವ ವಾಲ್ವಿನ ಬಾಯಿಗೂ ಸೋಪಿನ ನೀರು ಹಚ್ಚಿ. ವಾಲ್ವಿನಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಿ, ಟೈರಿನದ್ದೇ ಆಗುತ್ತದೆ. ಮುಚ್ಚಳ ಕಳೆದಿದ್ದರೆ ಅದನ್ನೂ ಹಾಕಿಸಿ, ನರ್ಸರಿ ಮಣ್ಣು ಒಳಗೆ ಹೋಗಿಯೇ ಹೋಗುತ್ತದೆ.